ಮೊಣಕಾಲಿನ ಪಿಸಿಎಲ್ ಹರಿದಿದೆ ಅಂತ ರಿಪೋರ್ಟ್ ಬಂದಿದೆ, ಆಪರೇಶನ್ ಬೇಕಾ ಬೇಡವಾ?

ಪ್ರಶ್ನೆ (ಕುಮಟಾ):
ನಮಸ್ಕಾರ ಡಾಕ್ಟ್ರೇ. ತಮ್ಮನಿಗೆ 26 ವರ್ಷ. ಹೆದ್ದಾರಿ 66ರಲ್ಲಿ ಬೈಕ್ ಗುದ್ದಿ, ಮಡಚಿದ ಮೊಣಕಾಲು ಸೀದಾ ಕಾರಿನ ಬಂಪರಿಗೆ ಬಡಿಯಿತು. ಇವತ್ತಿಗೆ 9 ದಿನ. ಎಂಆರ್‌ಐಯಲ್ಲಿ ಪಿಸಿಎಲ್ (ಮೊಣಕಾಲೊಳಗಿನ ಹಿಂದಿನ ನಾರು) ಟಿಬಿಯಾಕ್ಕೆ (ಮೊಣಕಾಲ ಕೆಳಗಿನ ದೊಡ್ಡ ಎಲುಬು) ಅಂಟುವ ಕಡೆ ಹರಿದಿದೆ, ಎಸಿಎಲ್ (ಮುಂದಿನ ನಾರು) ಸಡಿಲ ಕಾಣುತ್ತದೆ ಎಂದಿದೆ. ಒಬ್ಬರು ಆಪರೇಶನ್ ಅಂದರು, ಇನ್ನೊಬ್ಬರು ಬ್ರೇಸ್ ಸಾಕು ಅಂದರು. ಮನೆಯಲ್ಲಿ ಎಣ್ಣೆ ಹಚ್ಚಿ ನೀವಿಸುವಾ ಅಂತಿದ್ದಾರೆ. ಕುಂಟುತ್ತ ನಡೆಯುತ್ತಾನೆ.

ಉತ್ತರ (ಮೂಳೆ ತಜ್ಞರು):
ಮೊದಲು ನೀವುವುದು ಬೇಡ, ಮೊಣಕಾಲ ಗಂಟು ಎಳೆದು ಮಡಚಿಸುವುದಂತೂ ಬೇಡವೇ ಬೇಡ. ಪಿಸಿಎಲ್‌ನ ಕೆಲಸ ಟಿಬಿಯಾ ಹಿಂದಕ್ಕೆ ಜಾರದಂತೆ ಹಿಡಿಯುವುದು. ಎಸಿಎಲ್‌ಗಿಂತ ಚೆನ್ನಾಗಿ ತಾನಾಗಿ ಕೂಡುವ ಗುಣ ಇದಕ್ಕಿದೆ. ಆದರೆ ಕೂಡುವಾಗ ಎಲುಬು ಹಿಂದೆ ಬಿದ್ದೇ ಇದ್ದರೆ ನಾರು ಉದ್ದವಾಗಿ ಕೂಡುತ್ತದೆ, ಆಮೇಲೆ ಗಂಟು ಸಡಿಲವಾಗಿಯೇ ಉಳಿಯುತ್ತದೆ.

ಇಬ್ಬರು ಡಾಕ್ಟರ ಮಾತೂ ಸರಿ ಇರಬಹುದು, ಎಂಆರ್‌ಐ ಒಂದರಿಂದ ಇದು ತೀರ್ಮಾನವಾಗುವುದಿಲ್ಲ. ತಮ್ಮನನ್ನು ಅಂಗಾತ ಮಲಗಿಸಿ ಎರಡೂ ಮೊಣಕಾಲು 90 ಡಿಗ್ರಿ ಮಡಚಿ ಬದಿಯಿಂದ ನೋಡಬೇಕು. ಪೆಟ್ಟಾದ ಕಡೆ ಮಂಡಿಚಿಪ್ಪಿನ ಕೆಳಗೆ ತಗ್ಗು ಕಾಣುತ್ತದೆ. ಸರಿಯಿರುವ ಕಾಲಿನಲ್ಲಿ ಟಿಬಿಯಾದ ಅಂಚು ತೊಡೆಎಲುಬಿಗಿಂತ ಸುಮಾರು 1 ಸೆಂ.ಮೀ. ಮುಂದಿರುತ್ತದೆ. ಡಾಕ್ಟರು ಅಲ್ಲಿಂದ ಹಿಂದಕ್ಕೆ ಒತ್ತಿದಾಗ ಇನ್ನೊಂದು ಕಾಲಿಗಿಂತ 5 ಮಿ.ಮೀ. ಒಳಗೆ ಹೆಚ್ಚು ಜಾರಿದರೆ ಗ್ರೇಡ್ 1, 6ರಿಂದ 10 ಆದರೆ 2, ಅದಕ್ಕೂ ಮೀರಿದರೆ 3. ಗ್ರೇಡ್ 3 ಬಂದಾಗ ಮೊಣಕಾಲಿನ ಹೊರಬದಿ ಹಿಂಮೂಲೆಯ ನಾರುಗಳೂ ಹರಿದಿವೆಯೋ ಎಂದು ಹುಡುಕಲೇಬೇಕು. ಅದಕ್ಕೆ ಪಾದವನ್ನು ಹೊರಕ್ಕೆ ತಿರುಗಿಸಿ ಎರಡೂ ಕಾಲು ಹೋಲಿಸುತ್ತಾರೆ. ಮೊಣಕಾಲು 30 ಡಿಗ್ರಿ ಮಡಚಿದಾಗ ಮಾತ್ರ ಹೆಚ್ಚು ತಿರುಗಿದರೆ ಹಿಂಮೂಲೆಗೆ ಪೆಟ್ಟು, 90ರಲ್ಲೂ ತಿರುಗಿದರೆ ಪಿಸಿಎಲ್ ಜೊತೆಗೆ ಅದೂ ಹೋಗಿದೆ ಎಂದರ್ಥ.

"ಎಸಿಎಲ್ ಸಡಿಲ" ಎಂಬ ಮಾತಿಗೆ ಈಗಲೇ ಹೆದರಬೇಡಿ. ಟಿಬಿಯಾ ಹಿಂದೆ ಬಿದ್ದಾಗ ಎಸಿಎಲ್ ಜೋಲು ಕಾಣುತ್ತದೆ. ಹಿಂದೆ ಬಿದ್ದ ಎಲುಬನ್ನು ಮುಂದೆ ಎಳೆದರೆ ಅದು ತನ್ನ ಜಾಗಕ್ಕೆ ಬರುತ್ತದೆ ಅಷ್ಟೇ, ಆದರೆ ಪರೀಕ್ಷೆ ಮಾಡುವವರ ಕೈಗೆ ಎಸಿಎಲ್ ಹರಿದಂತೆ ಅನ್ನಿಸಿಬಿಡುತ್ತದೆ.

ನನಗೆ ಬೇಕಾದದ್ದು ಬದಿಯಿಂದ ತೆಗೆದ ಸಾದಾ ಎಕ್ಸ್‌ರೇ. ನಾರು ಎಲುಬಿನ ಚೂರನ್ನೇ ಕಿತ್ತುಕೊಂಡು ಬಂದಿದ್ದರೆ ಎಂಆರ್‌ಐಗಿಂತ ಅದರಲ್ಲಿ ಸಲೀಸಾಗಿ ಕಾಣುತ್ತದೆ. ನಮ್ಮಲ್ಲಿ ಬೈಕ್ ಅಪಘಾತಗಳಲ್ಲಿ ಇದು ಅಪರೂಪವಲ್ಲ.

ಪ್ರಶ್ನೆ (ಸಿದ್ದಾಪುರ):
ನಡೆಯಲು ಆಗುತ್ತಿದ್ದರೆ ತುರ್ತು ಅಲ್ಲ ತಾನೇ?

ಉತ್ತರ (ಮೂಳೆ ತಜ್ಞರು):
ಹೆಚ್ಚಾಗಿ ಅಲ್ಲ. ಆದರೆ ಎರಡು ಮೂರು ನಾರು ಒಟ್ಟಿಗೆ ಹರಿದಿದ್ದರೆ ಗಂಟು ಪೂರ್ತಿ ತಪ್ಪಿ ತಾನೇ ಕೂತಿರಬಹುದು. ಅಡಿಕೆ ಮರದಿಂದ ಬಿದ್ದವರಲ್ಲೂ ಹೀಗಾಗಬಹುದು. ಆಗ ಹಿಂದಿನ ದೊಡ್ಡ ರಕ್ತನಾಳಕ್ಕೆ ಏಟಾಗಿರುವ ಭಯ. ಪಾದ ತಣ್ಣಗಾದರೆ, ಬಣ್ಣ ಬದಲಾದರೆ, ಹೆಬ್ಬೆರಳು ಮೇಲೆತ್ತಲು ಬಾರದಿದ್ದರೆ ಅದೇ ಗಳಿಗೆ ಹೊರಡಿ. ನಾಡಿ ಸಿಕ್ಕಿತು ಎಂದು ನಿಶ್ಚಿಂತರಾಗಬಾರದು. ಕಾಲಿನ ರಕ್ತದೊತ್ತಡ ಕೈಯದ್ದರ 0.9 ಪಟ್ಟಿಗಿಂತ ಕಡಿಮೆ ಬಂದರೆ ಸಿಟಿ ಆಂಜಿಯೋ (ರಕ್ತನಾಳದ ಸ್ಕ್ಯಾನ್) ಮಾಡಿಸಬೇಕು. ರಕ್ತ ಹರಿಯದೆ 6ರಿಂದ 8 ಗಂಟೆ ಕಳೆದರೆ ಕಾಲು ಉಳಿಸುವುದು ಕಷ್ಟ, ಘಟ್ಟ ಇಳಿಯುವ ಹೊತ್ತೂ ಅದರಲ್ಲೇ ಸೇರುತ್ತದೆ. ರಕ್ತನಾಳದ ಸರ್ಜನ್ ಎಲ್ಲಿದ್ದಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಉತ್ತರ (ಫಿಸಿಯೋಥೆರಪಿಸ್ಟ್, ಶಿರಸಿ):
ಎಲುಬಿನ ಚೂರು ಇಲ್ಲ, ಪಿಸಿಎಲ್ ಒಂದೇ ಹರಿದಿದೆ, ಗ್ರೇಡ್ 1 ಅಥವಾ 2 ಎಂದಾದರೆ ಮಾಡುವುದು ಹೀಗೆ. ಟಿಬಿಯಾವನ್ನು ಮುಂದಕ್ಕೆ ತಳ್ಳುವ ಪಿಸಿಎಲ್ ಬ್ರೇಸ್ ದುಬಾರಿ. ಸಿಗದಿದ್ದರೆ ಉದ್ದನೆಯ ನೀ ಬ್ರೇಸನ್ನು ನೆಟ್ಟಗೆ ಲಾಕ್ ಮಾಡಿ, ಮೀನಖಂಡದ ಮೇಲ್ಭಾಗದ ಹಿಂದೆ ಮಡಚಿದ ಟವೆಲ್ ಇಡಿ. ಮಲಗುವಾಗ ಬರೀ ಹಿಮ್ಮಡಿಯ ಕೆಳಗೆ ದಿಂಬು ಇಡುವುದೇ ಎಲ್ಲರೂ ಮಾಡುವ ತಪ್ಪು, ಆಗ ಟಿಬಿಯಾ ಭಾರಕ್ಕೆ ಹಿಂದೆ ಜಾರುತ್ತದೆ. ದಿಂಬು ಮೀನಖಂಡದ ಕೆಳಗಿರಲಿ.

ಬ್ರೇಸ್ ಲಾಕ್ ಇಟ್ಟು, ಊರುಗೋಲು ಹಿಡಿದು ನಡೆಯಬಹುದು. ತೊಡೆಯ ಮುಂದಿನ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಮೊದಲ ದಿನದಿಂದಲೇ. ಮಡಚುವುದನ್ನು 2ರಿಂದ 4 ವಾರದ ನಂತರ, ಬೋರಲು ಮಲಗಿಸಿ ಇನ್ನೊಬ್ಬರ ಕೈಯಿಂದ, 6 ವಾರದವರೆಗೆ 90 ಡಿಗ್ರಿ ಒಳಗೆ. ರೋಗಿ ತಾನೇ ಹಿಮ್ಮಡಿ ಎಳೆದು ಮಡಚಬಾರದು, ತೊಡೆ ಹಿಂದಿನ ಸ್ನಾಯು ಟಿಬಿಯಾವನ್ನು ಹಿಂದಕ್ಕೇ ಎಳೆಯುತ್ತದೆ. ಆ ಸ್ನಾಯುವಿನ ವ್ಯಾಯಾಮ 12ರಿಂದ 16 ವಾರ ದೂರ. ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲು, ಇಂಡಿಯನ್ ಕಕ್ಕಸು ಸದ್ಯಕ್ಕೆ ಮರೆತುಬಿಡಿ.

ಪ್ರಶ್ನೆ (ಯಲ್ಲಾಪುರ):
ನಾನು ಯಕ್ಷಗಾನದಲ್ಲಿ ವೇಷ ಮಾಡುವವನು. ಎರಡು ವರ್ಷದ ಹಿಂದೆ ಮೊಣಕಾಲ ಮೇಲೆ ಬಿದ್ದಿದ್ದೆ. ಈಗ ಮೆಟ್ಟಿಲಿಳಿಯುವಾಗ ಮುಂದೆ ನೋವು, ಎಂಆರ್‌ಐ ಮಾತ್ರ ಪಿಸಿಎಲ್ ಸರಿಯಿದೆ ಅನ್ನುತ್ತದೆ. ಮಂಡಿ ಹಾಕಬಹುದಾ (ಮಂಡಿಯೂರಿ ಕುಣಿಯಬಹುದಾ)?

ಉತ್ತರ (ಮೂಳೆ ತಜ್ಞರು):
ಹಳೆಯ ಪೆಟ್ಟಿನಲ್ಲಿ ನಾರು ಕೂಡಿಕೊಂಡಂತೆ ಕಾಣುವುದರಿಂದ ಎಂಆರ್‌ಐ ಮೋಸ ಮಾಡಬಹುದು. ಮಂಡಿಯೂರಿಸಿ ಬದಿಯಿಂದ ಎರಡೂ ಕಾಲಿನ ಎಕ್ಸ್‌ರೇ ತೆಗೆಸಿ. ಟಿಬಿಯಾ ಹಿಂದೆ ಜಾರಿದ್ದರಲ್ಲಿ ಎರಡೂ ಕಾಲಿನ ವ್ಯತ್ಯಾಸ 8 ಮಿ.ಮೀ. ದಾಟಿದರೆ ಪಿಸಿಎಲ್ ಪೂರ್ತಿ ಹೋಗಿದೆ ಎಂದೇ ಲೆಕ್ಕ, 12 ದಾಟಿದರೆ ಬೇರೆ ನಾರೂ ಹೋಗಿರುತ್ತದೆ. ಮೆಟ್ಟಿಲ ನೋವಿಗೆ ಕಾರಣ ಮಂಡಿಚಿಪ್ಪಿನ ಹಿಂದೆ ಏರಿದ ಒತ್ತಡ ಇರಬಹುದು. ಬಹಳ ಕಾಲ ಹಾಗೇ ಬಿಟ್ಟರೆ ಅಲ್ಲೂ ಒಳಬದಿಯಲ್ಲೂ ಮೃದ್ವಸ್ಥಿ ಸವೆಯುತ್ತದೆ.

ಎಕ್ಸ್‌ರೇಗೆ ಎಲುಬು ಹಿಂದೆ ತಳ್ಳಲು ಯಾವ ಭಂಗಿ ಬಳಸುತ್ತೇವೋ ಅದೇ ಭಂಗಿ ನಿಮ್ಮ ಮಂಡಿ ಕುಣಿತ. ಭಾರವೆಲ್ಲ ಚಿಪ್ಪಿನ ಕೆಳಗಿನ ಉಬ್ಬಿನ ಮೇಲೆ. ಪ್ಯಾಡ್ ಕಟ್ಟಿದರೆ ಚರ್ಮ ಉಳಿಯುತ್ತದೆ, ತಳ್ಳು ಕಡಿಮೆಯಾಗದು. ಎಕ್ಸ್‌ರೇ ಬರುವವರೆಗೆ ಮಂಡಿ ಬಿಟ್ಟು ನಿಂತು ಕುಣಿಯಿರಿ. ತಿರುಗಾಟ ಇಲ್ಲದ ಮಳೆಗಾಲವನ್ನು ತೊಡೆಸ್ನಾಯು ಬಲಪಡಿಸಲು ಬಳಸಿ. ಅದಾಗಿಯೂ ಗಂಟು ನಿಲ್ಲದಿದ್ದರೆ ಹೊಸ ನಾರು ಕಟ್ಟುವ ಆಪರೇಶನ್. ಆಟಕ್ಕೆ ಮರಳಲು 9ರಿಂದ 12 ತಿಂಗಳು ಬೇಕು, ಎಸಿಎಲ್ ಆಪರೇಶನ್ ಆದವರ ಜೊತೆ ಹೋಲಿಸಿ ಅವಸರ ಮಾಡಬೇಡಿ.

ಪ್ರಶ್ನೆ (ಕುಮಟಾ):
ಡಾಕ್ಟ್ರೇ, ಎಕ್ಸ್‌ರೇ ಆಯಿತು. ಟಿಬಿಯಾದ ಹಿಂದೆ ಚೂರು ಎದ್ದು ನಿಂತಿದೆ, ಜಾಗ ಬಿಟ್ಟಿದೆ ಅಂದರು.

ಉತ್ತರ (ಮೂಳೆ ತಜ್ಞರು):
ಹಾಗಾದರೆ ಬ್ರೇಸ್ ಮಾತು ಬಿಡಿ. ಜಾಗ ಬಿಡದ ಚೂರಾಗಿದ್ದರೆ ಕಾಲು ನೆಟ್ಟಗಿಟ್ಟು ಕಾಯಬಹುದಿತ್ತು. ಇದನ್ನು ಎರಡು ಮೂರು ವಾರದೊಳಗೆ ಕೂರಿಸಿದರೆ ಅವನ ಸ್ವಂತ ನಾರೇ ಉಳಿಯುತ್ತದೆ. ಮೊಣಕಾಲ ಹಿಂಬದಿಯಿಂದ ತೆರೆದು ವಾಶರ್ ಸಮೇತ ಸ್ಕ್ರೂ ಹಾಕುತ್ತಾರೆ, ಚೂರು ಚಿಕ್ಕದಾದರೆ ದೂರ್ಬೀನಿನಲ್ಲಿ ದಾರ ಎಳೆದು ಕಟ್ಟುತ್ತಾರೆ. ತಡವಾದರೆ ಚೂರು ತಪ್ಪು ಜಾಗದಲ್ಲೇ ಅಂಟಿಕೊಳ್ಳುತ್ತದೆ. ಎಕ್ಸ್‌ರೇ, ಎಂಆರ್‌ಐ ಫಿಲ್ಮ್ ಎರಡನ್ನೂ ಹಿಡಿದುಕೊಂಡು ನಾಳೆಯೇ ಆಪರೇಶನ್ ಮಾಡುವವರನ್ನು ಕಾಣಿ. ಹಿಂಮೂಲೆಯ ನಾರು ಪರೀಕ್ಷಿಸಿದ್ದೀರಾ ಎಂದೂ ಕೇಳಿ.