ಪದಚರ್ಚೆ: ಬ್ಲೂಸ್ ‘ಕವರ್’ ಹಾಡಿಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಎರಿಕ್ ಕ್ಲಾಪ್ಟನ್ ಅವರ ‘ಫ್ರಮ್ ದ ಕ್ರೇಡಲ್’ ಆಲ್ಬಂ ಬಗ್ಗೆ ಕನ್ನಡದಲ್ಲೊಂದು ಪರಿಚಯ ಲೇಖನ ಸಿದ್ಧವಾಗುತ್ತಿದೆ. 1994ರಲ್ಲಿ ಬಂದ ಆಲ್ಬಂ. ಹದಿನಾರು ಹಾಡು, ಹದಿನಾರೂ ಹಳೆಯ ಬ್ಲೂಸ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಬಗೆ), ಒಂದೂ ಕ್ಲಾಪ್ಟನ್ ಕಟ್ಟಿದ್ದಲ್ಲ. ಕರಡಿನ ಮೊದಲ ಸಾಲು ಹೀಗಿದೆ: “ಇದು ರಾಕ್ ಗಿಟಾರ್ ವಾದಕರೊಬ್ಬರ ಶಾಸ್ತ್ರೀಯ ಬ್ಲೂಸ್ ಹೊದಿಕೆಗಳ ಆಲ್ಬಂ.” ಹೊದಿಕೆ ಅಂದರೆ ಕಂಬಳಿಯೋ ರಗ್ಗೋ ಎಂದು ಓದುಗರು ಕೇಳಿದರೆ ಹೇಳಲು ಉತ್ತರವಿಲ್ಲ. ಒಬ್ಬರು ಮುದ್ರಿಸಿದ ಹಾಡನ್ನು ಇನ್ನೊಬ್ಬರು ಹಾಡಿ ಮುದ್ರಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ಕವರ್’ ಪದವನ್ನೇ ಇಟ್ಟರೆ ಬೇರೆ ತೊಡಕು. ಅಂಗಡಿಯಲ್ಲಿ ಕವರ್ ಅಂದರೆ ಪ್ಲಾಸ್ಟಿಕ್ ಚೀಲ, ಅಂಚೆಯಲ್ಲಿ ಲಕೋಟೆ. ಇದೇ ಲೇಖನದ ಮೂರನೆಯ ಪ್ಯಾರಾದಲ್ಲಿ ಆಲ್ಬಂನ ಕವರ್ ಚಿತ್ರದ ಮಾತೂ ಬರುತ್ತದೆ.

‘ಮರುಗಾಯನ’, ‘ರೀಮೇಕ್’, ‘ಪುನರ್‌ಸೃಷ್ಟಿ’, ‘ಪಾಠಾಂತರ’ ಇಷ್ಟು ಪದಗಳು ಮುಂದಿವೆ. ಯಾವುದು ನಿಲ್ಲುತ್ತದೆ, ಯಾಕೆ? ಕರಡಿನಲ್ಲಿ ‘ತಂತಿ ಬಗ್ಗಿಸುವುದು’, ‘ನೀಲಿ ಸ್ವರ’, ‘ಹನ್ನೆರಡು ಪಟ್ಟಿ’, ‘ಹಾರ್ಪ್ ವಾದ್ಯ’ ಎಂಬ ಪ್ರಯೋಗಗಳೂ ಇವೆ. ಬಲ್ಲವರು ಅವನ್ನೂ ನೋಡಿ ಹೇಳಬೇಕು.

ಉತ್ತರ 1

‘ಹೊದಿಕೆ’ಗಿಂತ ದೊಡ್ಡ ತಪ್ಪು ‘ಶಾಸ್ತ್ರೀಯ’. ಕನ್ನಡದಲ್ಲಿ ಶಾಸ್ತ್ರೀಯ ಎಂದೊಡನೆ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ. ಅದು ಹೋಗಲಿ, ‘ಕ್ಲಾಸಿಕ್ ಬ್ಲೂಸ್’ ಎಂದೇ ಬರೆದರೂ ಬ್ಲೂಸ್ ಬಲ್ಲವರು ಬೇರೆಯದನ್ನೇ ತಿಳಿದುಕೊಳ್ಳುತ್ತಾರೆ. ಆ ಚರಿತ್ರೆಯಲ್ಲಿ ಅದು 1920ರ ದಶಕದ ಹೆಂಗಸರ ಗಾಯನಕ್ಕೆ, ಮಾ ರೇನಿ, ಬೆಸ್ಸಿ ಸ್ಮಿತ್ ಅವರ ಕಾಲಕ್ಕೆ, ಇಟ್ಟ ಹೆಸರು. ಕ್ಲಾಪ್ಟನ್ ಆರಿಸಿಕೊಂಡದ್ದರಲ್ಲಿ ಅದು ಒಂದೂ ಇಲ್ಲ. ಲೆರಾಯ್ ಕಾರ್ ಅವರ ‘ಹೌ ಲಾಂಗ್’ 1928ರದು. ಮಡ್ಡಿ ವಾಟರ್ಸ್ ಹಾಡಿದ ‘ಹೂಚಿ ಕೂಚಿ ಮ್ಯಾನ್’, ಲೋವೆಲ್ ಫುಲ್ಸನ್ ಅವರ ‘ರಿಕನ್ಸಿಡರ್ ಬೇಬಿ’ 1954ರವು. ಫ್ರೆಡಿ ಕಿಂಗ್ ಅವರಿಂದ ಬಂದ ‘ಐಯಾಮ್ ಟೋರ್ ಡೌನ್’ 1961ರದು. ಆದ್ದರಿಂದ ‘ಹೆಸರಾಂತ ಹಳೆಯ ಬ್ಲೂಸ್ ಹಾಡುಗಳು’ ಎಂದರೆ ಸಾಕು. ವಾಕ್ಯ ಬಡವಾದೀತೆಂಬ ಹೆದರಿಕೆ ಬೇಡ.

ಈಗ ‘ಕವರ್’. ಇಂಗ್ಲಿಷಿನ ಈ ಒಂದು ಪದ ಒಂದಕ್ಕೊಂದು ಹೋಲದ ಎರಡು ಕೆಲಸಗಳನ್ನು ಮುಚ್ಚಿಡುತ್ತದೆ. ಎರಡಕ್ಕೂ ಕ್ಲಾಪ್ಟನ್ ಅವರಲ್ಲೇ ಉದಾಹರಣೆ ಸಿಗುತ್ತದೆ. ರಾಬರ್ಟ್ ಜಾನ್ಸನ್ 1936ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಒಬ್ಬರೇ ಕೂತು, ಒಂದೇ ಗಿಟಾರ್ ಹಿಡಿದು ‘ಕ್ರಾಸ್ ರೋಡ್ ಬ್ಲೂಸ್’ ಮುದ್ರಿಸಿದರು. 1968ರಲ್ಲಿ ಕ್ಲಾಪ್ಟನ್ ಇದ್ದ ಕ್ರೀಮ್ ತಂಡ ಅದನ್ನು ಎತ್ತಿಕೊಂಡಾಗ ನಡೆ ಬದಲಾಯಿತು, ಜಾನ್ಸನ್ನರ ಇನ್ನೊಂದು ಹಾಡಿನ ಚರಣ ಬಂದು ಸೇರಿತು, ನಡುವೆ ಎರಡು ದೊಡ್ಡ ಗಿಟಾರ್ ಸೋಲೋಗಳು ಬಂದವು. ಮಾತು ಬಹುಪಾಲು ಉಳಿಯಿತು, ಧಾಟಿ ಹೋಯಿತು. ‘ಫ್ರಮ್ ದ ಕ್ರೇಡಲ್’ ಇದಕ್ಕೆ ತಿರುಗುಮುರುಗು. ಅಲ್ಲಿ ಕ್ಲಾಪ್ಟನ್ ಧಾಟಿಯನ್ನೇ ಹಿಡಿದು ಹೊರಟಿದ್ದಾರೆ. ಮಡ್ಡಿ ವಾಟರ್ಸ್ ಹಾಡಿಗೆ ಮಡ್ಡಿಯವರ ತೂಕದ ಗಂಟಲು, ಎಲ್ಮೋರ್ ಜೇಮ್ಸ್ ಹಾಡಿಗೆ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಅವರ ಸ್ಲೈಡ್. ಕೆಲವರಿಗೆ ಇದು ಗೌರವ, ಕೆಲವರಿಗೆ ಮಿಮಿಕ್ರಿ. ನನಗೆ ಗಿಟಾರ್ ನಂಬಿಕೆ ಹುಟ್ಟಿಸುತ್ತದೆ, ದನಿ ಎಲ್ಲ ಕಡೆಯೂ ಅಲ್ಲ. ಅದು ಪದಚರ್ಚೆಯ ಹೊರಗಿನ ಮಾತು ಬಿಡಿ.

ಅಂದಮೇಲೆ ‘ಪುನರ್‌ಸೃಷ್ಟಿ’ ಕ್ರೀಮ್‌ಗೆ ಸರಿ, ಈ ಆಲ್ಬಂಗೆ ಸುಳ್ಳು. ‘ಅನುಕರಣೆ’ ಎಂದರೆ ತೀರ್ಪು ಕೊಟ್ಟಂತಾಯಿತು. ‘ರೀಮೇಕ್’ ನಮ್ಮಲ್ಲಿ ಸಿನಿಮಾಕ್ಕೆ ಅಂಟಿದೆ, ಜೊತೆಗೊಂದಿಷ್ಟು ತಿರಸ್ಕಾರವೂ ಅಂಟಿದೆ. ‘ಮರುಗಾಯನ’ ಎಂದರೆ ಹಾಡಿದವರೇ ಮತ್ತೆ ಹಾಡಿದಂತೆ ಕೇಳಿಸುತ್ತದೆ, ಗಿಟಾರ್‌ಗೆ ಅದರಲ್ಲಿ ಜಾಗವೂ ಇಲ್ಲ. ‘ಮಟ್ಟು’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ದಾಸರ ಪದದಲ್ಲಾಗಲಿ ಯಕ್ಷಗಾನದಲ್ಲಾಗಲಿ ‘ಅದೇ ಮಟ್ಟಿನಲ್ಲಿ’ ಎಂದರೆ ರಾಗ, ಛಂದಸ್ಸು ಅದೇ, ಮಾತು ಬೇರೆ. ಬ್ಲೂಸ್‌ನಲ್ಲಿ ಆ ಪದ್ಧತಿಯೂ ಧಾರಾಳವಾಗಿದೆ. ಮಿಸಿಸಿಪ್ಪಿ ಶೀಕ್ಸ್ 1930ರಲ್ಲಿ ಮುದ್ರಿಸಿದ ‘ಸಿಟಿಂಗ್ ಆನ್ ಟಾಪ್ ಆಫ್ ದ ವರ್ಲ್ಡ್’ ಮಟ್ಟಿನ ಮೇಲೇ ಜಾನ್ಸನ್ ‘ಕಮ್ ಆನ್ ಇನ್ ಮೈ ಕಿಚನ್’ ಕಟ್ಟಿದರು. ಅದನ್ನು ಯಾರೂ ಕವರ್ ಎನ್ನುವುದಿಲ್ಲ.

‘ಪಾಠಾಂತರ’ ಬಹಳ ಹತ್ತಿರ ಬರುತ್ತದೆ. ಒಂದೇ ಕೀರ್ತನೆಯನ್ನು ಎರಡು ಪರಂಪರೆಯವರು ಬೇರೆ ಬೇರೆ ಸಂಗತಿಗಳೊಂದಿಗೆ ಹಾಡಿದಾಗ ನಾವು ಬಳಸುವ ಮಾತು ಅದೇ. ಆದರೆ ಅದರೊಳಗೆ ‘ಪಾಠ’ ಇದೆ, ಗುರು ಇದ್ದಾರೆ. ಇಂಗ್ಲೆಂಡಿನ ಹುಡುಗ ರೆಕಾರ್ಡ್ ತಿರುಗಿಸಿ ತಿರುಗಿಸಿ ಕಲಿತದ್ದಕ್ಕೆ ಆ ಪದ ತುಸು ಭಾರ. ಇನ್ನೊಂದು ವಿಷಯ: ಪುರಂದರದಾಸರ ಪದವನ್ನು ಸಾವಿರ ಜನ ಹಾಡಿದರೂ ಕನ್ನಡದಲ್ಲಿ ಅದಕ್ಕೊಂದು ಹೆಸರು ಹುಟ್ಟಲಿಲ್ಲ. ಹಾಡು ಇರುವುದೇ ಎಲ್ಲರೂ ಹಾಡಲಿಕ್ಕೆ ಎಂಬುದು ಇಲ್ಲಿನ ರೂಢಿ. ‘ಕವರ್’ ಎಂಬುದು ರೆಕಾರ್ಡ್ ವ್ಯಾಪಾರದಲ್ಲಿ ಹುಟ್ಟಿದ ಪದ. ಹಾಡು ಮೊದಲು ಒಂದು ಮುದ್ರಿಕೆಗೆ ಸೇರಿದ್ದು ಎಂದು ಒಪ್ಪಿಕೊಂಡರೆ ಮಾತ್ರ ಅದು ಬೇಕಾಗುತ್ತದೆ.

ಹಾಗಾಗಿ ನಾಮಪದ ಹುಡುಕುವುದನ್ನು ಬಿಟ್ಟು ಕ್ರಿಯಾಪದದಿಂದ ಹೇಳಿ ಎನ್ನುತ್ತೇನೆ. “ಬೇರೆಯವರು ಹಾಡಿದ ಹದಿನಾರು ಹಳೆಯ ಬ್ಲೂಸ್ ಹಾಡುಗಳನ್ನು ಕ್ಲಾಪ್ಟನ್ ಅವರವರ ಧಾಟಿಯಲ್ಲೇ ಹಾಡಿ ನುಡಿಸಿದ್ದಾರೆ.” ಒಮ್ಮೆ ‘ಕವರ್ ಹಾಡು’ ಎಂದು ಜೋಡಿಸಿ ಬರೆದರೆ ಚೀಲ, ಲಕೋಟೆಗಳ ಗೊಂದಲ ಹೋಗುತ್ತದೆ. ಆಲ್ಬಂ ಚಿತ್ರಕ್ಕೆ ‘ಮುಖಚಿತ್ರ’ ಎನ್ನಿ.

‘ಮೂಲ’ ಎಂಬ ಪದದ ಮೇಲೂ ಕಣ್ಣಿರಲಿ. ಕರಡಿನಲ್ಲಿ “ಮಡ್ಡಿ ವಾಟರ್ಸ್ ಅವರ ಮೂಲ ರಚನೆ ಹೂಚಿ ಕೂಚಿ ಮ್ಯಾನ್” ಎಂದಿದ್ದರೆ ತಿದ್ದಬೇಕು. ಕಟ್ಟಿದವರು ವಿಲ್ಲಿ ಡಿಕ್ಸನ್, ಮೊದಲು ಮುದ್ರಿಸಿದವರು ಮಡ್ಡಿ. ‘ಇಟ್ ಹರ್ಟ್ಸ್ ಮಿ ಟೂ’ ಇನ್ನೂ ತೊಡಕಿನದು: ಟ್ಯಾಂಪಾ ರೆಡ್ 1940ರಲ್ಲಿ ಮುದ್ರಿಸಿದ್ದು, ಎಲ್ಮೋರ್ ಜೇಮ್ಸ್ 1957ರಲ್ಲಿ ಹಾಡಿದ್ದು, ಕ್ಲಾಪ್ಟನ್ ಹಿಡಿದದ್ದು ಎಲ್ಮೋರ್ ಧಾಟಿ. ಇಲ್ಲಿ ‘ಮೂಲ’ ಎಂದರೆ ಯಾವುದು? ಕಟ್ಟಿದ, ಮೊದಲು ಮುದ್ರಿಸಿದ, ಹೆಸರು ತಂದ ಎಂದು ಬಿಡಿಸಿ ಬರೆಯಿರಿ.

ಹೆಸರಿನದೊಂದು ಎಡವಟ್ಟೂ ಕಾದಿದೆ. ಈ ಆಲ್ಬಂನ ಎರಡು ಹಾಡುಗಳು ಮಡ್ಡಿ ವಾಟರ್ಸ್ ತಂಡದಲ್ಲಿ ಗಿಟಾರ್ ನುಡಿಸಿದ ಷಿಕಾಗೋದ ಜಿಮ್ಮಿ ರಾಜರ್ಸ್ ಅವರವು. 1933ರಲ್ಲೇ ತೀರಿಕೊಂಡ ಅದೇ ಹೆಸರಿನ ಕಂಟ್ರಿ ಗಾಯಕ ಬೇರೆ. ಅವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಡಿ’ ಹೆಚ್ಚು ಇದೆ, ಕನ್ನಡಕ್ಕೆ ಬಂದರೆ ಇಬ್ಬರೂ ಒಂದೇ. ‘ಷಿಕಾಗೋದ’ ಎಂಬ ವಿಶೇಷಣ ಬಿಡಬೇಡಿ.

ಉತ್ತರ 2

ನುಡಿಸುವವರ ಕಡೆಯಿಂದ ನಾಲ್ಕು ಮಾತು.

‘ತಂತಿ ಬಗ್ಗಿಸು’ ತಪ್ಪು. ಬಗ್ಗಿಸುವುದು ಕಬ್ಬಿಣದ ಸರಳನ್ನು. ಗಿಟಾರ್‌ನಲ್ಲಿ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಸರಿಗೆ) ಮೇಲೆ ಒತ್ತಿದ ತಂತಿಯನ್ನು ಅಡ್ಡಕ್ಕೆ ತಳ್ಳುತ್ತಾರೆ ಇಲ್ಲವೇ ಎಳೆಯುತ್ತಾರೆ. ಬಿಗಿ ಹೆಚ್ಚಿ ಸ್ವರ ಏರುತ್ತದೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿ ಎಳೆದು ಮುಂದಿನ ಸ್ವರ ತರುವುದೂ ಇದೇ. ಆದ್ದರಿಂದ ‘ತಂತಿ ಎಳೆದು’ ಎನ್ನಿ, ವೀಣೆ ಬಲ್ಲ ಓದುಗರಿಗೆ ತಕ್ಷಣ ಕೈಗೆ ಸಿಗುತ್ತದೆ. ‘ಜಾರು’ ಎಂದು ಬರೆಯಬೇಡಿ, ಅದನ್ನು ಸ್ಲೈಡ್‌ಗೆ ಮೀಸಲಿಡಿ. ಎರಡರ ವ್ಯತ್ಯಾಸ ಸಣ್ಣದಲ್ಲ. ಎಳೆತದಲ್ಲಿ ಒತ್ತಿದ ಸ್ವರಕ್ಕಿಂತ ಕೆಳಗೆ ಹೋಗಲಾಗದು. ಇಳಿಕೆ ಕೇಳಿಸಬೇಕಾದರೆ ಮೊದಲೇ ಎಳೆದಿಟ್ಟು, ಮೀಟಿ, ಬಿಡಬೇಕು. ಸ್ಲೈಡ್‌ನಲ್ಲಿ ಬೆರಳಿಗೆ ತೊಟ್ಟ ಗಾಜಿನ ಇಲ್ಲವೇ ಲೋಹದ ಕೊಳವೆ ತಂತಿಯನ್ನು ಫ್ರೆಟ್‌ಗೆ ಒತ್ತದೆ ಮೇಲೆಯೇ ಜಾರುತ್ತದೆ, ಎರಡೂ ಕಡೆಗೆ. ಚಿತ್ರವೀಣೆ ಕೇಳಿದವರಿಗೆ ಇದು ಹೊಸದಲ್ಲ. ಕೊಳವೆ ಫ್ರೆಟ್ ಸರಿಗೆಯ ನೇರ ಮೇಲೆ ನಿಲ್ಲಬೇಕು. ಬೆರಳಿನ ಅಭ್ಯಾಸದಂತೆ ಅದರ ಹಿಂದೆ ನಿಲ್ಲಿಸಿದರೆ ಸ್ವರ ಕೆಳಗಾಗುತ್ತದೆ. ಹಿಂದಿನ ಬೆರಳನ್ನು ತಂತಿಗೆ ಹಗುರಾಗಿ ತಾಗಿಸದಿದ್ದರೆ ಕರಕರ ಸದ್ದು ಬರುತ್ತದೆ.

ಎಳೆತದ ಅಳತೆ ಹೇಳುವಾಗ ‘ಅರ್ಧ ಬೆಂಡ್, ಪೂರ್ಣ ಬೆಂಡ್’ ಎಂದರೆ ಓದುಗರಿಗೆ ಏನೂ ತಿಳಿಯದು. ‘ಒಂದು ಫ್ರೆಟ್ ಎತ್ತರ, ಎರಡು ಫ್ರೆಟ್ ಎತ್ತರ’ ಎನ್ನಿ. ಎರಡು ಫ್ರೆಟ್ ಏರಿಸಲು ತಂತಿಯ ಬಿಗಿ ಸುಮಾರು ಶೇ 26ರಷ್ಟು ಹೆಚ್ಚಬೇಕು. ಒಂದೇ ಬೆರಳಿನಿಂದ ತಳ್ಳಿದವರು ಗುರಿ ತಲುಪದೆ ಅಪಸ್ವರದಲ್ಲಿ ನಿಲ್ಲುವುದು ಅದಕ್ಕೇ. ಉಂಗುರದ ಬೆರಳಿಗೆ ಹಿಂದಿನ ಎರಡು ಬೆರಳು ಆಸರೆ, ಹೆಬ್ಬೆರಳು ಗಿಟಾರ್ ಕುತ್ತಿಗೆಯ ಮೇಲಂಚಿಗೆ. ‘ಎ’ ಶ್ರುತಿಯಲ್ಲಿ ಮೂರನೆಯ ತಂತಿಯ ಏಳನೆಯ ಫ್ರೆಟ್ ಮಧ್ಯಮ. ಅದನ್ನು ಎಳೆದು ಎರಡನೆಯ ತಂತಿಯ ಐದನೆಯ ಫ್ರೆಟ್‌ನ ಪಂಚಮಕ್ಕೆ ಕೂಡಿಸಿ ನೋಡಬೇಕು. ಎಲೆಕ್ಟ್ರಿಕ್ ಗಿಟಾರ್‌ನ ಸಾಮಾನ್ಯ 10–46 ಸೆಟ್‌ನಲ್ಲಿ (ಅಂಕಿ ತಂತಿಯ ದಪ್ಪದ್ದು, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕ) ಮೂರನೆಯ ತಂತಿ ಸುತ್ತು ಇಲ್ಲದ ಬರಿ ಸರಿಗೆ, ಎಳೆಯಬಹುದು. 12–53ರ ಅಕೂಸ್ಟಿಕ್ ಸೆಟ್‌ನಲ್ಲಿ ಅದಕ್ಕೆ ಸುತ್ತು ಇರುತ್ತದೆ, ಬೆರಳು ಸೋಲುತ್ತದೆ.

‘ನೀಲಿ ಸ್ವರ’ ಓದಲು ಚೆಂದ, ಅರ್ಥ ಸೊನ್ನೆ. ಬ್ಲೂಸ್ ಸೋಲೋದ ಐದು ಸ್ವರಗಳು ಸ, ಸಾಧಾರಣ ಗ, ಶುದ್ಧ ಮ, ಪ, ಕೈಶಿಕಿ ನಿ. ಅಂದರೆ ಶುದ್ಧ ಧನ್ಯಾಸಿಯ ಸ್ವರಗಳೇ. ನಡುವೆ ಪ್ರತಿ ಮಧ್ಯಮವೂ ಹಾದುಹೋಗುತ್ತದೆ. ಆದರೆ ಕೆಳಗೆ ಮೊಳಗುವ ಕಾರ್ಡ್‌ನಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲಿ) ಇರುವುದು ಅಂತರ ಗಾಂಧಾರ. ವಾದಕ ಸಾಧಾರಣ ಗಾಂಧಾರವನ್ನು ಅದರ ಕಡೆಗೆ ಎಳೆದು, ಮುಟ್ಟದೆ, ಎರಡರ ನಡುವೆ ನಿಲ್ಲಿಸುತ್ತಾನೆ. ಆ ತಿಕ್ಕಾಟದ ಸ್ವರವೇ ಬ್ಲೂ ನೋಟ್. ಹೆಸರನ್ನು ‘ಬ್ಲೂ ನೋಟ್’ ಎಂದೇ ಉಳಿಸಿ, ಒಂದು ಸಲ ಹೀಗೆ ಬಿಡಿಸಿ ಹೇಳಿ. ರಾಗದ ಹೆಸರನ್ನು ಮಾತ್ರ ಹೋಲಿಕೆಗಷ್ಟೇ ಬಳಸಿ. “ಬ್ಲೂಸ್ ಎಂದರೆ ಶುದ್ಧ ಧನ್ಯಾಸಿ” ಎಂದು ಬರೆದರೆ ಎರಡೂ ಕಡೆಯವರು ಬೈಯುತ್ತಾರೆ.

‘ಹನ್ನೆರಡು ಪಟ್ಟಿ’ಯ ಬದಲು ‘ಹನ್ನೆರಡು ಬಾರ್’. ಒಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಅಷ್ಟನ್ನೂ ಸೇರಿಸಿ ‘ಒಂದು ಸುತ್ತು’ ಎನ್ನಿ. ‘ಎ’ ಶ್ರುತಿಯಲ್ಲಿ ನಾಲ್ಕು ಬಾರ್ ‘ಎ’ ಕಾರ್ಡ್, ಎರಡು ‘ಡಿ’, ಎರಡು ‘ಎ’, ಒಂದು ‘ಇ’, ಒಂದು ‘ಡಿ’, ಎರಡು ‘ಎ’. ಮೊದಲ ಸಾಲು, ಅದೇ ಸಾಲು ಇನ್ನೊಮ್ಮೆ, ಮೂರನೆಯದು ಜವಾಬು. ಆದರೆ ಆಲ್ಬಂನ ಎಲ್ಲ ಹಾಡಿಗೂ ಇದನ್ನೇ ಹೇಳಿಬಿಟ್ಟೀರಿ ಜೋಕೆ: ‘ಹೌ ಲಾಂಗ್’, ‘ಇಟ್ ಹರ್ಟ್ಸ್ ಮಿ ಟೂ’ ಎಂಟು ಬಾರ್‌ನವು, ‘ಹೂಚಿ ಕೂಚಿ ಮ್ಯಾನ್’ ಹದಿನಾರರದು. ಅದರ ಮೊದಲ ಎಂಟರಲ್ಲಿ ವಾದ್ಯಗಳೆಲ್ಲ ಒಂದು ಏಟು ಕೊಟ್ಟು ಸುಮ್ಮನಾಗುತ್ತವೆ, ಆ ಖಾಲಿ ಜಾಗದಲ್ಲಿ ಗಾಯಕ ಸಾಲು ಹೇಳುತ್ತಾನೆ. ‘ಸ್ಟಾಪ್ ಟೈಮ್’ ಎಂಬುದನ್ನು ‘ನಿಲುಗಡೆ ಸಮಯ’ ಎಂದರೆ ಬಸ್ಸಿನ ವೇಳಾಪಟ್ಟಿಯಾದೀತು. ‘ಏಟು ಕೊಟ್ಟು ಬಿಡುವ ನಡೆ’ ಎನ್ನಬಹುದು.

‘ಶಫಲ್’ ಎಂಬ ಲಯದ ಹೆಸರು ಎಲ್ಲಾದರೂ ಬಂದಿದ್ದರೆ, ತಿಶ್ರ ನಡೆ. ಒಂದು ಎಣಿಕೆಗೆ ‘ತ ಕಿ ಟ’, ಅದರಲ್ಲಿ ‘ಕಿ’ ಮೌನ.

ಹಾರ್ಪ್ ಎಂದರೆ ಬ್ಲೂಸ್‌ನವರಿಗೆ ಮೌತ್ ಆರ್ಗನ್. ಈ ಆಲ್ಬಂನಲ್ಲಿ ನುಡಿಸಿದವರು ಜೆರಿ ಪೋರ್ಟ್‌ನಾಯ್. ನೆಲದ ಮೇಲೆ ನಿಲ್ಲಿಸಿ, ಕೂತು ನುಡಿಸುವ ನಲವತ್ತಾರೇಳು ತಂತಿಯ ದೊಡ್ಡ ಹಾರ್ಪ್ ಎಂದು ಓದುಗರು ಕಲ್ಪಿಸಿಕೊಂಡರೆ ಪಾಪ ಅವರದಲ್ಲ.

ಉತ್ತರ 3

ಕಾನೂನಿನ ಕಡೆಯಿಂದ ಒಂದೇ ಆಕ್ಷೇಪ: ‘ಕವರ್’ ಪದವನ್ನು ಪೂರ್ತಿ ಕೈಬಿಡಲಾಗದು. 2012ರ ತಿದ್ದುಪಡಿಯಿಂದ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ ಕಲಂ 31ಸಿ ‘ಕವರ್ ವರ್ಷನ್’ ಬಗ್ಗೆಯೇ ಇದೆ. ಮೊದಲ ಮುದ್ರಣವಾದ ವರ್ಷ ಮುಗಿದ ಮೇಲೆ ಐದು ಕ್ಯಾಲೆಂಡರ್ ವರ್ಷ ಕಾಯಬೇಕು, ಮೊದಲೇ ತಿಳಿಸಿ ರಾಯಧನ ಮುಂಗಡ ಕಟ್ಟಬೇಕು. ಜೊತೆಗೆ ಇದು ಕವರ್ ವರ್ಷನ್ ಎಂದು ಕವರ್ ಮೇಲೆ ಅಚ್ಚು ಹಾಕಬೇಕು. ಈ ಕೊನೆಯ ಷರತ್ತನ್ನು ಕನ್ನಡಿಸುವಾಗ ಒಂದು ಕವರ್ ‘ಹೊರಹೊದಿಕೆ’ ಆಗಲೇಬೇಕು, ಇನ್ನೊಂದು ಕವರ್ ಆಗಿಯೇ ಇರಲೇಬೇಕು. ‘ಧಾಟಿಯಲ್ಲಿ ಹಾಡಿದರು’ ಎಂದು ಕ್ರಿಯಾಪದ ಹಚ್ಚಿದರೆ ಕರಾರುಪತ್ರ ನಿಲ್ಲುವುದಿಲ್ಲ.

ಉತ್ತರ 1ರವರಿಂದ ಮತ್ತೆ

ಕರಾರಿಗೆ ಒಪ್ಪಿದೆ, ಲೇಖನಕ್ಕಲ್ಲ. ಇನ್ನೊಂದು ಬಿಟ್ಟಿದ್ದೆ. ಕರಡಿನಲ್ಲಿ ‘ಲೈವ್’ ಎಂಬುದನ್ನು ‘ನೇರಪ್ರಸಾರ’ ಎಂದೋ ‘ಸಭೆಯಲ್ಲಿ ಹಾಡಿದ್ದು’ ಎಂದೋ ಮಾಡಿದ್ದರೆ ತೆಗೆಯಿರಿ. ಇದು ಸ್ಟುಡಿಯೋದಲ್ಲೇ ಮುದ್ರಿಸಿದ್ದು, ಆದರೆ ತಂಡವೆಲ್ಲ ಒಟ್ಟಿಗೆ ಕೂತು ಒಂದೇ ಸಲಕ್ಕೆ ನುಡಿಸಿದ್ದು. ಆಮೇಲೆ ಮೇಲಿಂದ ಸೇರಿಸಿದ್ದು ಎರಡೇ ಎಂದು ಆಲ್ಬಂನಲ್ಲೇ ಅಚ್ಚಾಗಿದೆ: ‘ಹೌ ಲಾಂಗ್’ಗೆ ಡೋಬ್ರೋ ಎಂಬ ಬಗೆಯ ಗಿಟಾರ್, ‘ಮದರ್‌ಲೆಸ್ ಚೈಲ್ಡ್’ಗೆ ಡ್ರಮ್ಸ್. ‘ಓವರ್‌ಡಬ್’ಗೆ ‘ಮೇಲುಮುದ್ರಣ’ ಎನ್ನಬಹುದು. ಡಬ್ಬಿಂಗ್ ಎನ್ನಬೇಡಿ, ಕನ್ನಡದಲ್ಲಿ ಆ ಪದಕ್ಕೆ ದೊಡ್ಡ ಜಗಳದ ಚರಿತ್ರೆಯೇ ಇದೆ.

ಪ್ರಶ್ನೆ ಕೇಳಿದವರಿಂದ

ತಿದ್ದಿದ ಮೊದಲ ಸಾಲುಗಳು: “ಎರಿಕ್ ಕ್ಲಾಪ್ಟನ್ ಅವರ ‘ಫ್ರಮ್ ದ ಕ್ರೇಡಲ್’ ಕವರ್ ಹಾಡುಗಳ ಆಲ್ಬಂ. ಬೇರೆಯವರು ಹಾಡಿ ಹೆಸರಾದ ಹದಿನಾರು ಹಳೆಯ ಬ್ಲೂಸ್ ಹಾಡುಗಳನ್ನು ಅವರವರ ಧಾಟಿಯಲ್ಲೇ, ತಂಡವೆಲ್ಲ ಒಟ್ಟಿಗೆ ಕೂತು, ಮುದ್ರಿಸಿದ್ದಾರೆ.” ಒಂದು ಉಳಿದಿದೆ. ಕರಡಿನಲ್ಲಿ ಒಂದು ಕಡೆ ‘ಒಂದು ಬ್ಲೂ, ಹಲವು ಬ್ಲೂಸ್’ ಎಂದಿದೆ.

ಉತ್ತರ 2ರವರಿಂದ ಮತ್ತೆ

ಹೊಡೆದುಹಾಕಿ. ಕೊನೆಯ ‘ಸ್’ ಇಲ್ಲಿ ಬಹುವಚನದ ಗುರುತಾಗಿ ಉಳಿದಿಲ್ಲ. ಒಂದೇ ಹಾಡಾದರೂ ‘ಒಂದು ಬ್ಲೂಸ್’. ಹಲವಾದರೆ ‘ಬ್ಲೂಸ್‌ಗಳು’ ಎನ್ನುವುದಕ್ಕಿಂತ ‘ಬ್ಲೂಸ್ ಹಾಡುಗಳು’ ಕಿವಿಗೆ ಹಿತ.