ಅಪ್‌ಡೇಟ್: ಹಳದಿಯಾಗಿದ್ದ ಲಾನ್ ಹಸಿರಾಯ್ತು (ಕೋಲಾರ, ಕೆಂಪು ಮಣ್ಣು, ಬೋರ್‌ವೆಲ್ ನೀರು)

ಬರ್ಮುಡಾ ಹುಲ್ಲು ಹಳದಿಯಾಗ್ತಿದೆ, ಏನು ಮಾಡೋದು ಅಂತ ಕೇಳಿದ್ದೆ. ಯೂರಿಯಾದಿಂದ (ಸಾರಜನಕದ ಗೊಬ್ಬರ) ಏನೂ ಬದಲಾಗಲಿಲ್ಲ. ಗೆದ್ದಿದ್ದು ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಹೇಳಿದವರ ಸಲಹೆ, ತುಂಬಾ ಥ್ಯಾಂಕ್ಸ್: ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಸಿಡ್, ಸಂಜೆ ಹೊತ್ತು ಸಿಂಪಡಣೆ.

ಸಾರಜನಕ ಕಮ್ಮಿಯಾದ್ರೆ ಮೊದಲು ಹಳೇ ಎಲೆ ಹಳದಿಯಾಗುತ್ತೆ. ಇಲ್ಲಿ ಎಳೆ ಎಲೆ ಬಿಳಿಚಿಕೊಂಡು ನರ ಮಾತ್ರ ಹಸಿರಿತ್ತು, ಅದು ಕಬ್ಬಿಣದ ಕೊರತೆ. ಆಶ್ಚರ್ಯ ಅಂದ್ರೆ ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೇನು ಬರ ಇಲ್ಲ! ಗಡಸು ಬೋರ್‌ವೆಲ್ ನೀರಿನ ಬೈಕಾರ್ಬನೇಟ್ ಮಣ್ಣನ್ನ ಕ್ಷಾರ ಮಾಡಿ, ಕಬ್ಬಿಣ ಬೇರಿಗೆ ಸಿಗದ ಹಾಗೆ ಮಾಡುತ್ತೆ.

ಗಟ್ಟಿಯಾದ ಜಾಗದಲ್ಲಿ ಹಾರೆಯಿಂದ ನಾಲ್ಕಿಂಚು ಆಳದ ತೂತು ಮಾಡಿ ಮರಳು, ಎರೆಗೊಬ್ಬರ ತುಂಬಿದ್ದೂ ನೆರವಾಯ್ತು, ನೀರು ಈಗ ಮೇಲೆ ನಿಲ್ಲಲ್ಲ. ದ್ರಾವಣ ಸಿಮೆಂಟ್ ಮೇಲೆ ಬಿದ್ರೆ ತಕ್ಷಣ ತೊಳೀರಿ, ತುಕ್ಕಿನ ಕಲೆ ಹೋಗಲ್ಲ.