ಬಾಳೆ ಎಲೆಯ ಅಡಿಯಲ್ಲಿ ಗೂಡು, ಇದು ಯಾವ ಹಕ್ಕಿ?

ದಾಸವಾಳದಂಗಳ, ಕ್ಯಾತ್ಸಂದ್ರ:
ನಮ್ಮ ಮನೆ ದಾಸವಾಳಕ್ಕೆ ದಿನಾ ಬೆಳಿಗ್ಗೆ ಸೂರಕ್ಕಿ ಬರುತ್ತದೆ. ಅದು ಗೊತ್ತು. ಹೋದ ವಾರ ಕೊಪ್ಪದ ಹತ್ತಿರ ಚಿಕ್ಕಮ್ಮನ ತೋಟದಲ್ಲಿ ಬೇರೇನೋ ನೋಡಿದೆ. ಬಾಳೆ ಹೂವಿಗೆ ತಲೆಕೆಳಗಾಗಿ ಜೋತುಬಿದ್ದಿತ್ತು. ಬೆನ್ನು ಹಸಿರು, ಗಂಟಲು ಬೂದು, ಹೊಟ್ಟೆ ಹಳದಿ. ಕೊಕ್ಕು ತಲೆಯ ಎರಡರಷ್ಟು ಉದ್ದ, ಕುಡುಗೋಲಿನ ಹಾಗೆ ಬಾಗಿದೆ. ಊಟಕ್ಕೆ ಎಲೆ ಕೊಯ್ಯಲು ಚಿಕ್ಕಪ್ಪ ಕತ್ತಿ ಎತ್ತಿದರೆ, ಎಲೆಯಡಿ ಗೂಡು! ಕತ್ತಿ ಇಳಿಸಿಬಿಟ್ಟರು. ಇದು ನಮ್ಮ ತುಮಕೂರಿನಲ್ಲೂ ಸಿಗುತ್ತದಾ? ಗೂಡು ಬೀಳಲ್ವಾ? ಅದೇ ಯೋಚನೆ ನನಗೆ.

ಕಾಡುಬಾಳೆ:
ಅಕ್ಕಾ, ಅದು ಸ್ಪೈಡರ್‌ಹಂಟರ್, ಸೂರಕ್ಕಿಯ ನೆಂಟ. ಮಲೆನಾಡಿನ ಹಸಿ ಕಾಡು, ತೋಟ ಬೇಕು ಅದಕ್ಕೆ. ನಮ್ಮ ಒಣ ಸೀಮೆಯಲ್ಲಿ ಹುಡುಕಬೇಡಿ. ಮಕರಂದದ ಜೊತೆ ಜೇಡ, ಹುಳವನ್ನೂ ತಿನ್ನುತ್ತದೆ.

ಗೂಡಿನ ಕೆಲಸ ನೋಡಬೇಕು ನೀವು. ಜೇಡರ ಬಲೆಯ ಎಳೆಯನ್ನು ಎಲೆಯ ತೂತಿನಲ್ಲಿ ತೂರಿಸಿ ಮೇಲಕ್ಕೆ ತರುತ್ತದೆ. ಮೇಲೆ ಆ ತುದಿ ಗಂಟಿನಂತೆ ಉಬ್ಬಿ ನಿಲ್ಲುತ್ತದೆ, ಮತ್ತೆ ಜಾರುವುದಿಲ್ಲ. ಅಂಥ ಹೊಲಿಗೆ ಸುತ್ತಲೂ ಇರುತ್ತದೆ. ಎಲೆಯೇ ಮಾಡು, ಮಳೆ ಒಳಗೆ ಬರಲ್ಲ. ಸಾಮಾನ್ಯವಾಗಿ 2 ಮೊಟ್ಟೆ. ಸೂರಕ್ಕಿಯಲ್ಲಿ ಹೆಣ್ಣೊಂದೇ ಕಾವು ಕೂರುತ್ತದೆ, ಇದರಲ್ಲಿ ಗಂಡೂ ಕೂರುತ್ತದೆ. ಅಷ್ಟು ಹೊಲಿಗೆ ಇರುವುದರಿಂದ ಗೂಡು ಸುಮ್ನೆ ಬೀಳಲ್ಲ, ಕತ್ತಿಯಿಂದ ಮಾತ್ರ ಭಯ. ಮರಿ ಹಾರುವವರೆಗೆ ಆ ಒಂದು ಎಲೆ ಕೊಯ್ಯದೆ ಬಿಡಿ.

ಇನ್ನೊಂದು ಮಾತು. ತೋಟದ ಬಾಳೆಗೆ ಬೀಜ ಬೇಡ, ಈ ಹಕ್ಕಿ ಬರದಿದ್ದರೂ ಗೊನೆ ಬಿಡುತ್ತದೆ. ಕಾಡುಬಾಳೆಗೆ ಹಾಗಲ್ಲ. ಹೂವಿನಿಂದ ಹೂವಿಗೆ ಪರಾಗ ಹೊರುವುದು ಇಂಥ ಹಕ್ಕಿಗಳು, ಬಾವಲಿಗಳು.

ದುರ್ಗದಹಾದಿ:
ದೇವರಾಯನದುರ್ಗದಲ್ಲಿ ನಾನು ಉದ್ದ ಬಾಗಿದ ಕೊಕ್ಕಿನ ಕಪ್ಪು ಹಕ್ಕಿ ನೋಡಿದ್ದೇನೆ. ಅದೂ ಇದೇನಾ?

ಕಾಡುಬಾಳೆ:
ಅಲ್ಲ, ಅದು ಲೋಟನ್ ಸೂರಕ್ಕಿ ಇರಬೇಕು. ಎದೆಗೆ ಕಂದುಗೆಂಪು ಪಟ್ಟಿ, ಹೊಟ್ಟೆ ಕಂದು. ನೇರಳೆ ಸೂರಕ್ಕಿಗಿಂತ ಕೊಕ್ಕು ಉದ್ದ. ಸ್ಪೈಡರ್‌ಹಂಟರ್‌ನಲ್ಲಿ ಗಂಡು ಹೆಣ್ಣು ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ, ಮಿಂಚೂ ಇಲ್ಲ. ಕೆಲವರು ಇವೆಲ್ಲವನ್ನೂ ಹಮ್ಮಿಂಗ್ ಬರ್ಡ್ ಅಂತಾರೆ. ಅವು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ.

ದಾಸವಾಳದಂಗಳ:
ಈಗಷ್ಟೇ ಫೋನ್ ಮಾಡಿದೆ. ಕೆಲಸದವರಿಗೆ ಗುರುತು ಸಿಗಲಿ ಎಂದು ಚಿಕ್ಕಪ್ಪ ಆ ಬಾಳೆಗೆ ಕೆಂಪು ಬಟ್ಟೆ ಕಟ್ಟಿದ್ದಾರೆ. ಗೂಡಿನಿಂದ ಉದ್ದ ಕೊಕ್ಕೊಂದು ಹೊರಗೆ ಚಾಚಿಕೊಂಡಿತ್ತಂತೆ.